ಶ್ಯಾಮಲಕ್ಕನ ಗಟ್ಟಿ ಪ್ರಾರ್ಥನೆ

ಶ್ಯಾಮಲಾ ಪ್ರಾರ್ಥನೆಗೆ ನಿಂತಳೆಂದರೆ ಒಲೆ ಆರಿಸಿ ಬಂದು ಕೂತುಕೊಳ್ಳುವುದು ಒಳ್ಳೆಯದು ಎಂದು ಜಾಲಹಳ್ಳಿಯ ಚರ್ಚಿನ ಸಭೆಯವರು ನಗುತ್ತಿದ್ದರು. ನಗುತ್ತಿದ್ದರು ನಿಜ, ಆದರೆ ಮನೆಯಲ್ಲಿ ಯಾರಿಗಾದರೂ ಆಪರೇಷನ್ ಎಂದಾಗ, ಮಗಳ ಸಂಬಂಧ ಕೂಡಿಬರದಾಗ ಮೊದಲ ಫೋನು ಬರುತ್ತಿದ್ದುದು ಅವಳಿಗೇ. ಸಭೆಯ ಪಾದ್ರಿ ಅಯ್ಯನವರ ಪ್ರಾರ್ಥನೆ ಚುಟುಕು. ಮುಂದಿನ ಮನೆಗೆ ಹೋಗುವ ಅವಸರ ಅದರಲ್ಲಿ ಕಾಣುತ್ತಿತ್ತು. ಶ್ಯಾಮಲಾಳದ್ದು ಹಾಗಲ್ಲ. ತಲೆಯ ಮೇಲೆ ಸೆರಗೆಳೆದು, ಕಣ್ಣು ಮುಚ್ಚಿ, ‘ಕರ್ತನೇ’ ಎಂದು ಒಮ್ಮೆ ಕರೆದಳೆಂದರೆ ಉಳಿದದ್ದು ತಾನಾಗಿ ಬರುತ್ತಿತ್ತು. ಮನೆಯಲ್ಲಿದ್ದ ಒಬ್ಬೊಬ್ಬರನ್ನೂ ಹೆಸರು ಹಿಡಿದು ದೇವರ ಮುಂದೆ ನಿಲ್ಲಿಸುತ್ತಿದ್ದಳು. ಇವರ ಸಕ್ಕರೆ ಕಾಯಿಲೆ, ಅವರ ಬ್ಯಾಂಕ್ ಪರೀಕ್ಷೆ, ಮೂಲೆಯಲ್ಲಿ ಮಲಗಿದ ಅಜ್ಜಿಯ ಮಲಬದ್ಧತೆ, ಯಾವುದೂ ಬಿಟ್ಟುಹೋಗುತ್ತಿರಲಿಲ್ಲ.

ಇದನ್ನು ಅವಳಿಗೆ ಕಲಿಸಿದವಳು ಅವಳ ಸ್ವಂತ ಅಜ್ಜಿ. ಅಜ್ಜಿಗೆ ಮಿಷನ್ ಆಸ್ಪತ್ರೆಯಲ್ಲಿ ಹಾಸಿಗೆಯಿಂದ ಹಾಸಿಗೆಗೆ ಹೋಗಿ ರೋಗಿಗಳಿಗಾಗಿ ಪ್ರಾರ್ಥನೆ ಮಾಡುವ ಕೆಲಸವಿತ್ತು. ‘ಮನಸ್ಸಿನಲ್ಲೇ ಗೊಣಗಿಕೊಂಡ್ರೆ ತನಗೋಸ್ಕರ ಯಾರೋ ಬೇಡ್ತಿದ್ದಾರೆ ಅಂತ ಆ ರೋಗಿಗೆ ಹೇಗೆ ಗೊತ್ತಾಗ್ಬೇಕೇ?’ ಎಂದು ಮೊಮ್ಮಗಳನ್ನು ಕೇಳುತ್ತಿದ್ದಳು. ‘ಗಟ್ಟಿಯಾಗಿ ಮಾಡು. ಒಬ್ರನ್ನೂ ಬಿಡ್ಬೇಡ. ಬಿಟ್ಟವರಿಗೆ ನೋವಾಗುತ್ತೆ.’ ಒಳ್ಳೆಯ ಮಾತೇ. ಶ್ಯಾಮಲಾ ಅದನ್ನು ಐವತ್ತು ವರ್ಷ ದಾಟುವವರೆಗೂ ಅಕ್ಷರಶಃ ಪಾಲಿಸಿದಳು. ಅಷ್ಟು ಪಾಲಿಸಬಾರದಿತ್ತು.

ಅವಳ ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಜಾಲಹಳ್ಳಿಯ ಕ್ವಾರ್ಟರ್ಸಿನಲ್ಲಿ, ಹಳದಿ ಬಣ್ಣದ ಒಂದೇ ಅಚ್ಚಿನ ಮನೆಗಳ ನಡುವೆ ಬೆಳೆದಳು. ಪಿಯುಸಿ ಮುಗಿಸಿ ಪೀಣ್ಯದ ಒಂದು ಗಾರ್ಮೆಂಟ್ಸಿಗೆ ಸೇರಿ, ಅಲ್ಲೇ ಬಟ್ಟೆ ಚೆಕಿಂಗ್ ಮಾಡುತ್ತ ಕೂದಲು ಬೆಳ್ಳಗಾಯಿತು. ಗಂಡ ಜಯಾನಂದ ಲೇತ್ ಆಪರೇಟರ್; ದಿನವಿಡೀ ಮೆಷಿನ್ ಸದ್ದು ಕೇಳಿ ಕೇಳಿ ಮನೆಯಲ್ಲಿ ಮಾತೇ ಬೇಡವೆನ್ನುವ ಮನುಷ್ಯ. ‘ಸ್ವಲ್ಪ ಮೆಲ್ಲಗೆ ಮಾಡೇ, ದೇವರು ಪಕ್ಕದ ಬೀದೀಲೇನೂ ಇಲ್ಲ’ ಎಂದು ಅವಳ ಪ್ರಾರ್ಥನೆಗೆ ಆಗಾಗ ರಾಗ ಎಳೆಯುತ್ತಿದ್ದ. ಅವಳು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಅವರಿಗೆ ಮಕ್ಕಳಾಗಲಿಲ್ಲ. ಮದುವೆಯಾದ ಮೊದಮೊದಲ ವರ್ಷಗಳಲ್ಲಿ ಸಭೆಯ ಹೆಂಗಸರು ಪ್ರತಿ ಶುಕ್ರವಾರದ ಉಪವಾಸ ಕೂಟದಲ್ಲಿ ಅವಳನ್ನು ನಡುವೆ ಕೂರಿಸಿ, ತಲೆಯ ಮೇಲೆ ಕೈಯಿಟ್ಟು, ಅವಳ ಗರ್ಭಕ್ಕಾಗಿ ಗಟ್ಟಿಯಾಗಿ ಬೇಡುತ್ತಿದ್ದರು. ಡಾಕ್ಟರು ಏನು ಹೇಳಿದರು, ಯಾವ ನಾಳ ಮುಚ್ಚಿದೆ ಎಂಬುದೆಲ್ಲ ಪ್ರಾರ್ಥನೆಯೊಳಗೇ ಬರುತ್ತಿತ್ತು. ಕೂಟ ಮುಗಿದು ಹೊರಗೆ ಬಂದರೆ ಚಪ್ಪಲಿ ಕಾಯುವ ಹುಡುಗರಿಗೂ ಅದು ಗೊತ್ತಿರುತ್ತಿತ್ತು. ಆಗ ಭೂಮಿ ಬಾಯ್ಬಿಡಬಾರದೇ ಎನಿಸುತ್ತಿತ್ತು ಅವಳಿಗೆ. ಆದರೆ ಅವರದ್ದು ಪ್ರೀತಿ ಎಂದೂ ಗೊತ್ತಿತ್ತು. ನಾಚಿಕೆ ವರ್ಷ ಕಳೆದಂತೆ ಮರಗಟ್ಟಿತು, ಪ್ರೀತಿ ಮಾತ್ರ ನೆನಪುಳಿಯಿತು.

ಸಭೆಯವರು ಪೀಣ್ಯದ ಹಿಂಭಾಗದಲ್ಲಿ ‘ಚಿಗುರು ಮಕ್ಕಳ ಸೇವೆ’ ಶುರು ಮಾಡಿದಾಗ ಮೊದಲು ಕೈಯೆತ್ತಿದವಳು ಶ್ಯಾಮಲಾ. ಲೋಹಕ್ಕೆ ಪ್ಲೇಟಿಂಗ್ ಮಾಡುವ ಕಾರ್ಖಾನೆಯೊಂದರ ಹಳೇ ಗೋಡೌನು ಅದು. ಶೀಟಿನ ಚಾವಣಿ, ಬೇಸಿಗೆಯಲ್ಲಿ ಒಳಗೆ ಕೂತರೆ ತಲೆ ಸಿಡಿಯುತ್ತಿತ್ತು, ಗೋಡೆಯಿಂದ ಇನ್ನೂ ಆಸಿಡ್ಡಿನ ಘಾಟು ವಾಸನೆ. ಸುತ್ತ ಸಾಲು ಸಾಲು ಶೀಟಿನ ಕೋಣೆಗಳು. ರಾಯಚೂರು, ಕೊಪ್ಪಳದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಒಂದೊಂದು ಕೋಣೆಯಲ್ಲಿ ಐದಾರು ಮಂದಿ ಇದ್ದರು. ಅವರ ಮಕ್ಕಳಿಗೆ ಭಾನುವಾರ ಮಧ್ಯಾಹ್ನ ಹಾಡು, ಕಥೆ, ಒಂದಿಷ್ಟು ಇಂಗ್ಲಿಷು ಮತ್ತು ಲೆಕ್ಕ. ಕೊನೆಗೆ ಚಿತ್ರಾನ್ನ, ಬೇಯಿಸಿದ ಮೊಟ್ಟೆ. ಮೊದಲ ವರ್ಷ ಏರಿಯಾದ ಕೆಲವು ಯುವಕರು ಬಂದು ಬಾಗಿಲಲ್ಲಿ ನಿಂತು, ‘ಮತಾಂತರ ಮಾಡ್ತೀರಾ?’ ಎಂದು ಕೇಳಿದ್ದರು. ಅಯ್ಯನವರು ಬೆವರು ಒರೆಸಿಕೊಂಡು, ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ಯಾವ ಮಗುವನ್ನೂ ಒಳಗೆ ಕರೆಯುವುದಿಲ್ಲ ಎಂದು ತಿಳಿಸಿ ಹೇಳಿ ಕಳಿಸಿದ್ದರು. ಅಂದಿನಿಂದ ಅಯ್ಯನವರಿಗೆ ಆ ಬಾಗಿಲ ಕಡೆ ಒಂದು ಕಣ್ಣು ಇದ್ದೇ ಇರುತ್ತಿತ್ತು.

ಮಕ್ಕಳಿಗೆ ಶ್ಯಾಮಲಕ್ಕನ ಕ್ಲಾಸಿನಲ್ಲಿ ಇಷ್ಟವಾದದ್ದು ಕೊನೆಯ ಹತ್ತು ನಿಮಿಷ. ‘ಪ್ರಾರ್ಥನೆಗೆ ಯಾರ್ ಯಾರದ್ದು ಏನೇನಿದೆ, ಹೇಳ್ರಪ್ಪಾ’ ಎಂದು ಅವಳು ಕೇಳುತ್ತಿದ್ದಳು. ಒಂದೊಂದೇ ಕೈ ಏಳುತ್ತಿತ್ತು. ಅಪ್ಪ ಕುಡಿಯಬಾರದು. ಓನರು ನೀರು ಬಿಡಬೇಕು. ನಮ್ಮ ಕರಿಯನ ಕಾಲ ಮೇಲೆ ಟೆಂಪೋ ಹತ್ತಿದೆ, ಅದು ವಾಸಿಯಾಗಬೇಕು. ಕರಿಯ ನಾಯಿ ಎಂದು ಗೊತ್ತಾದರೂ ಶ್ಯಾಮಲಾ ಬಿಡುತ್ತಿರಲಿಲ್ಲ. ಅದರ ಹೆಸರು ಹೇಳಿಯೇ ಬೇಡುತ್ತಿದ್ದಳು. ತಮ್ಮ ಹೆಸರು ಯಾವಾಗ ಬರುತ್ತದೆಂದು ಮಕ್ಕಳು ಮುಚ್ಚಿದ ಕಣ್ಣೊಳಗೇ ಕಾಯುತ್ತಿದ್ದವು. ಯಾರೂ ಕೇಳದ ಆ ಮಕ್ಕಳನ್ನು ಒಬ್ಬರು ಕೂರಿಸಿಕೊಂಡು ‘ನಿನಗೇನು ಬೇಕು’ ಎಂದು ಕೇಳುವುದೇ ದೊಡ್ಡ ವಿಷಯ. ಅದನ್ನು ಅವಳಿಂದ ಯಾರೂ ಕಿತ್ತುಕೊಳ್ಳಲಾರರು.

ಭುವನೇಶ್ವರಿ ಮಾತ್ರ ಕೈ ಎತ್ತುತ್ತಿರಲಿಲ್ಲ. ನಾಲ್ಕು ವರ್ಷದಿಂದ ತಪ್ಪದೆ ಬರುತ್ತಿದ್ದ ಹುಡುಗಿ, ಈಗ ಎಂಟನೇ ಕ್ಲಾಸು. ಅಪ್ಪ ಅಮರಪ್ಪ ಕಟ್ಟಡಗಳಿಗೆ ಬಣ್ಣ ಬಳಿಯುವವನು, ಅವ್ವ ಶೇಖವ್ವ ಇಟ್ಟಿಗೆ ಹೊರುವವಳು. ತಂಗಿ ಸವಿತಾಳನ್ನು ಸೊಂಟದ ಮೇಲಿಟ್ಟುಕೊಂಡು ಬರಲು ಶುರು ಮಾಡಿದವಳು ಈಗ ಕೈ ಹಿಡಿದು ಕರೆತರುತ್ತಿದ್ದಳು. ಲೆಕ್ಕದಲ್ಲಿ ಚುರುಕು. ಪ್ರಾರ್ಥನೆಗೆ ಏನಿದೆಯಮ್ಮ ಎಂದರೆ, ‘ಏನ್ ಇಲ್ರಿ ಅಕ್ಕಾರ’ ಎಂದು ನಕ್ಕು ಚಾಪೆಯ ಅಂಚು ಕೀಳುತ್ತ ಕೂರುತ್ತಿದ್ದಳು.

ಜನವರಿಯ ಒಂದು ಭಾನುವಾರ ಅವಳು ತಾನಾಗಿ ಬಂದಳು. ಉಳಿದ ಮಕ್ಕಳು ಹೊರಗೆ ಮೊಟ್ಟೆ ಸುಲಿಯುತ್ತಿದ್ದರು. ಶ್ಯಾಮಲಾ ಚಾಪೆ ಸುತ್ತುತ್ತಿದ್ದಳು. ಹುಡುಗಿ ಇನ್ನೊಂದು ತುದಿ ಹಿಡಿದಳು.

‘ಅಕ್ಕಾರ, ನಂದೊಂದು ಪ್ರಾರ್ಥನಿ ಐತ್ರಿ. ಎಲ್ಲಾರ ಮುಂದ ಹೇಳಾಕ ಬರಂಗಿಲ್ಲ.’

‘ಹೇಳಮ್ಮ, ಯಾರೂ ಇಲ್ಲ ಇಲ್ಲಿ.’

‘ನಮ್ಮತ್ತಿ ಬರ್ತಾಳ್ರಿ ಊರಿಂದ, ಮೊಣಕಾಲು ತೋರ್ಸಾಕ. ಆಕಿ ಇಲ್ಲಿ ಇರೂತನಾ ನನಗ ಅದು ಬರಬಾರ್ದ್ರಿ.’

‘ಯಾವುದು?’

ಹುಡುಗಿ ಚಾಪೆಯನ್ನೇ ನೋಡಿದಳು. ‘ತಿಂಗಳಿಂದು’ ಎಂದಳು.

ಆಮೇಲೆ ಒಂದೊಂದಾಗಿ ಬಿಡಿಸಿ ಹೇಳಿದಳು. ಅವಳ ಅಪ್ಪನಿಗೆ ತಂದೆತಾಯಿ ಇರಲಿಲ್ಲ. ಅಕ್ಕ ರುದ್ರಮ್ಮನೇ ಎತ್ತಿ ಆಡಿಸಿ, ತನ್ನ ಪಾಲಿನ ರೊಟ್ಟಿ ಕೊಟ್ಟು ಬೆಳೆಸಿದ್ದಳು. ಭುವನೇಶ್ವರಿ ತೊಟ್ಟಿಲಲ್ಲಿದ್ದಾಗಲೇ ಆ ಅತ್ತೆ ಹಸಿರು ಬಳೆ ತಂದು ತೊಡಿಸಿ, ಇವಳು ನನ್ನ ಮಗ ಮುತ್ತಣ್ಣನಿಗೆ ಎಂದಿದ್ದಳು. ಅಕ್ಕ ಕೇಳಿದರೆ ಅಮರಪ್ಪ ಇಲ್ಲ ಎನ್ನುವವನಲ್ಲ. ಶೇಖವ್ವ ಅತ್ತು ಕರೆದು ಗಂಡನಿಂದ ಒಂದೇ ಒಂದು ಮಾತು ಪಡೆದಿದ್ದಳು: ಹುಡುಗಿ ದೊಡ್ಡವಳಾಗುವವರೆಗೆ ಯಾರೂ ಮದುವೆಯ ಸುದ್ದಿ ಎತ್ತಬಾರದು. ಹುಡುಗಿ ದೊಡ್ಡವಳಾಗಿ ಆಗಲೇ ಎಂಟು ತಿಂಗಳಾಗಿತ್ತು. ಅದು ಅವಳಿಗೂ ಅವ್ವನಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಶಾಲೆಯಲ್ಲಿ ಕೊಡುವ ಪ್ಯಾಡುಗಳನ್ನು ಚೀಲದ ತಳದಲ್ಲಿ ಇಟ್ಟುಕೊಳ್ಳುತ್ತಿದ್ದಳು. ಬಳಸಿದ್ದನ್ನು ಅವ್ವ ಕೆಲಸದ ಜಾಗಕ್ಕೆ ಒಯ್ದು ಸುಟ್ಟು ಬರುತ್ತಿದ್ದಳು. ಒಂದೇ ಕೋಣೆಯಲ್ಲಿ, ಅಪ್ಪನ ಕಣ್ಣೆದುರೇ, ಆ ತಾಯಿ ಮಗಳು ಹೀಗೆ ಕಾಲ ತಳ್ಳಿದ್ದರು.

‘ಹತ್ತನೇ ಕ್ಲಾಸ್ ಮುಗಿಯೂತನಾ ಮುಚ್ಚಿಡೂಣು ಅಂದಾಳ್ರಿ ಅವ್ವ. ಅತ್ತಿ ಕಣ್ಣು ಭಾಳ ಚೂಪು. ಆಕಿ ಬಂದಾಗ ಬಂದ್ಬಿಟ್ರ ಮುಗೀತ್ರಿ.’

ಶಾಲೆಯ ಹೆಡ್ ಮೇಡಂ ಹತ್ತಿರ ಹೋಗಬಹುದಿತ್ತು. ಮಕ್ಕಳ ಸಹಾಯವಾಣಿಯ ನಂಬರು ಗೋಡೌನಿನ ಬಾಗಿಲಿಗೇ ಅಂಟಿಸಿತ್ತು. ಶ್ಯಾಮಲಾಗೆ ಅದಾವುದೂ ತೋಚಲಿಲ್ಲ. ಅವಳ ಕೈಯಲ್ಲಿದ್ದ ಆಯುಧ ಒಂದೇ, ಅದನ್ನೇ ತೆಗೆದಳು.

‘ಪ್ರಾರ್ಥನೆ ಮಾಡ್ತೀನಿ ಕಣಮ್ಮ. ದಿನಾ ಮಾಡ್ತೀನಿ.’

‘ಯಾರಿಗೂ ಹೇಳಂಗಿಲ್ಲ ಹೌದಿಲ್ರಿ?’

‘ದೇವರಿಗೆ ಬಿಟ್ಟು ಯಾರಿಗೂ ಹೇಳಲ್ಲ.’

ಹುಡುಗಿಯ ಮುಖ ಅರಳಿತು. ಚಾಪೆಯನ್ನು ಮೂಲೆಗೆ ಒರಗಿಸಿಟ್ಟು, ತನ್ನ ಪಾಲಿನ ಮೊಟ್ಟೆಗೆ ಓಡಿದಳು.

ಶ್ಯಾಮಲಾ ಮಾತಿಗೆ ತಪ್ಪುವವಳಲ್ಲ. ಮರುದಿನದಿಂದಲೇ ಬೆಳಗ್ಗೆ ಟಿಫನ್ ಡಬ್ಬಿ ಕಟ್ಟುವಾಗ, ಷಿಫ್ಟಿಗೆ ಹೋಗುವ ದಾರಿಯಲ್ಲಿ, ಸಂಜೆ ಬಟ್ಟೆ ಮಡಿಸುವಾಗ ಅದೇ ಪ್ರಾರ್ಥನೆ. ಅದಕ್ಕೆ ಅವಳು ಮಾತುಗಳನ್ನೂ ಹೊಂದಿಸಿಕೊಂಡಿದ್ದಳು. ದಿನಕ್ಕೆ ಮೂರು ಸಲ ಅದೇ ಮಾತು, ಅದೇ ಅನುಕ್ರಮ. ಜಯಾನಂದ ಒಂದು ಬೆಳಗ್ಗೆ, ‘ಯಾರೇ ಅದು ಭುವನೇಶ್ವರಿ?’ ಎಂದು ಕೇಳಿದಾಗ ಅವಳು ಒಮ್ಮೆ ಬೆಚ್ಚಿದಳು. ಗಂಡನೇ ಅಲ್ಲವೇ ಎಂದು ಸಮಾಧಾನ ಮಾಡಿಕೊಂಡಳು. ಗಂಡನ ಕಿವಿಗೆ ಬಿದ್ದದ್ದು ಇನ್ನೊಬ್ಬರ ಕಿವಿಗೂ ಬೀಳಬಹುದೆಂದು ಅನ್ನಿಸಲಿಲ್ಲ.

ಫೆಬ್ರವರಿಯಲ್ಲಿ ರುದ್ರಮ್ಮ ಬಂದಳು. ಎರಡನೇ ಭಾನುವಾರ ಕ್ಲಾಸು ಮುಗಿದ ಮೇಲೆ ಸವಿತಾ ಓಡಿ ಬಂದು, ‘ಅಕ್ಕಾರ, ಅತ್ತಿ ಕರಿಯಾಕತ್ತಾಳ್ರಿ, ಮೊಣಕಾಲಿಗೆ ಪ್ರಾರ್ಥನಿ ಮಾಡಬೇಕಂತ’ ಎಂದಳು. ಶ್ಯಾಮಲಾಗೆ ಖುಷಿಯೇ ಆಯಿತು. ಹೋಗಿ ಹುಡುಗಿಗೂ ಧೈರ್ಯ ಹೇಳಿದಂತಾಗುತ್ತದೆ ಎಂದುಕೊಂಡು ಸೆರಗು ಸರಿಮಾಡಿಕೊಂಡು ಹೊರಟಳು.

ರುದ್ರಮ್ಮನನ್ನು ಕಂಡು ಅವಳಿಗೆ ಆಶ್ಚರ್ಯವಾಯಿತು. ರಾಕ್ಷಸಿಯನ್ನು ನೆನೆಸಿಕೊಂಡು ಹೋಗಿದ್ದಳು. ಅಲ್ಲಿ ಗೋಡೆಗೊರಗಿ ಕಾಲು ಚಾಚಿ ಕೂತಿದ್ದವಳು ಬಾಯ್ತುಂಬ ನಗುವ, ಎಲೆಅಡಿಕೆ ಹಾಕಿಕೊಂಡ ಹೆಂಗಸು. ಊರಿಂದ ತಂದ, ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯನ್ನು ಆಗಲೇ ಒಂದು ಕಾಗದದಲ್ಲಿ ಕಟ್ಟಿ ಶ್ಯಾಮಲಾಳ ಕೈಗಿಟ್ಟಳು. ‘ನಮ್ಮ ಹುಡುಗ್ರಿಗೆ ಇಷ್ಟು ವರ್ಷ ಉಣ್ಣಾಕ ಹಾಕೀರಿ, ನಿಮ್ಮ ಹೊಟ್ಟಿ ತಣ್ಣಗಿರಲಿ. ಯಾವ ದ್ಯಾವ್ರಾದ್ರೇನ್ರಿ, ಈ ಕಾಲು ಒಂದು ನೆಟ್ಟಗಾದ್ರ ಸಾಕು’ ಎಂದಳು. ಅಮರಪ್ಪ ಬನಿಯನ್ನಿನಲ್ಲಿದ್ದವನು ಅಂಗಿ ಹಾಕಿಕೊಂಡು ಗೌರವದಿಂದ ಮೂಲೆಗೆ ಸರಿದ. ಶೇಖವ್ವ ಸ್ಟೌ ಮುಂದೆ ಚಹಾಕ್ಕೆ ಇಟ್ಟಿದ್ದಳು. ಭುವನೇಶ್ವರಿ ನೀರಿನ ತಂಬಿಗೆ ಹಿಡಿದು ಬಾಗಿಲ ಬಳಿ ನಿಂತಿದ್ದಳು. ಮಂಚವಿಲ್ಲದ ಆ ಕೋಣೆಯಲ್ಲಿ ಎಲ್ಲರೂ ಎಲ್ಲರಿಗೂ ಕೈಗೆ ಎಟುಕುವಷ್ಟು ಹತ್ತಿರವಿದ್ದರು.

ಶ್ಯಾಮಲಾ ಸೆರಗು ತಲೆಗೆಳೆದು ಕಣ್ಣು ಮುಚ್ಚಿದಳು.

ಅಂದು ಪ್ರಾರ್ಥನೆ ಬಹಳ ಚೆನ್ನಾಗಿ ಬಂತು. ರುದ್ರಮ್ಮನ ಮೊಣಕಾಲುಗಳನ್ನು ಹೆಸರಿಸಿ ಬೇಡಿದಳು. ರುದ್ರಮ್ಮ ಲೊಚಗುಟ್ಟುವುದು ಕೇಳಿಸಿತು. ಎತ್ತರದ ಗೋಡೆಗಳಿಗೆ ಜೋತುಬಿದ್ದು ಕೆಲಸ ಮಾಡುವ ಅಮರಪ್ಪನ ಕೈಕಾಲು ಕಾಯೆಂದು ಬೇಡಿದಳು. ಇಟ್ಟಿಗೆ ಹೊತ್ತು ಬಳಲಿದ ಶೇಖವ್ವನ ಸೊಂಟಕ್ಕಾಗಿ ಬೇಡಿದಳು. ಸವಿತಾಳ ಓದಿಗೆ ಬೇಡಿದಳು. ಒಬ್ಬರನ್ನೂ ಬಿಡಬಾರದು. ಉಳಿದವಳು ಒಬ್ಬಳೇ. ಆ ಒಬ್ಬಳ ಹೆಸರು ನಾಲಿಗೆಗೆ ಬಂದದ್ದೇ ತಡ, ಮೂರು ವಾರದಿಂದ ಬೆಳಗ್ಗೆ ಸಂಜೆ ಹೇಳಿ ಹೇಳಿ ರೂಢಿಯಾದ ಮಾತು ತನ್ನಷ್ಟಕ್ಕೆ ಹರಿಯಿತು.

‘ಕರ್ತನೇ, ಭುವನೇಶ್ವರಿಯನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ. ದೊಡ್ಡವಳಾದ ಈ ಮಗಳನ್ನು ನಿನ್ನ ರೆಕ್ಕೆಗಳ ಮರೆಯಲ್ಲಿ ಮುಚ್ಚಿಡು ತಂದೆಯೇ. ಇವಳ ಅತ್ತೆ ಇಲ್ಲಿರುವಷ್ಟು ದಿನ ಇವಳಿಗೆ ಮುಟ್ಟು ಬಾರದಂತೆ…’

ತನ್ನ ಧ್ವನಿ ತನಗೇ ಕೇಳಿಸಿ ಅವಳು ನಿಂತಳು. ಬಾಗಿಲ ಬಳಿ ತಂಬಿಗೆ ನೆಲಕ್ಕೆ ಇಟ್ಟ ಸದ್ದಾಯಿತು. ಕಣ್ಣು ತೆರೆಯಲು ಧೈರ್ಯ ಬರಲಿಲ್ಲ. ಮುಚ್ಚಿಕೊಂಡೇ ಇನ್ನೇನೋ ಎರಡು ಮಾತು ತಡವರಿಸಿ, ಯೇಸುವಿನ ನಾಮದಲ್ಲಿ ಎಂದು ಮುಗಿಸಿದಳು. ‘ಆಮೆನ್’ ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವಳು ರುದ್ರಮ್ಮ.

ಕಣ್ಣು ತೆರೆದಾಗ ಅಮರಪ್ಪ ಹೆಂಡತಿಯನ್ನು ನೋಡುತ್ತಿದ್ದ. ಆ ನೋಟದಲ್ಲಿ ಸಿಟ್ಟು ಇರಲಿಲ್ಲ. ಮನೆಯೊಳಗೇ ಮೋಸಹೋದವನ ಪೆಚ್ಚು ಇತ್ತು. ಶೇಖವ್ವ ಉಕ್ಕುತ್ತಿದ್ದ ಚಹಾವನ್ನು ಇಳಿಸದೆ ಕೂತಿದ್ದಳು. ರುದ್ರಮ್ಮ ಮಾತ್ರ ಗೋಡೆ ಹಿಡಿದು ಎದ್ದು ನಿಂತಿದ್ದಳು.

‘ಹೌದೇನ? ಯಾವಾಗ ಆತು? ಏ ಶೇಖವ್ವಾ, ಇಂಥಾ ಚಲೋ ಸುದ್ದಿ ಯಾಕ ಮುಚ್ಚಿಟ್ಟೀಯವಾ?’

ಜಗಳ ಮಾಡಲಿಲ್ಲ, ಬೈಯಲಿಲ್ಲ. ಹುಡುಗಿಯ ಹತ್ತಿರ ಹೋಗಿ ಎರಡೂ ಕೈಯಿಂದ ಮುಖ ಸವರಿ ನೆಟಿಕೆ ಮುರಿದಳು. ಬಾಗಿಲಿಗೆ ಬಂದು, ‘ಬರ್ರೆವಾ ಎಲ್ಲಾರೂ, ನಮ್ಮ ಸೊಸಿ ದೊಡ್ಡಾಕಿ ಆಗ್ಯಾಳ’ ಎಂದು ಕೂಗಿದಳು. ಹೊರಗೆ ಹೋಗಿ ಪಕ್ಕದ ಕೋಣೆ, ಆಚೆ ಕೋಣೆ ಎಂದು ಬಾಗಿಲು ಬಡಿಯುತ್ತ ನಡೆದೇ ನಡೆದಳು. ಮೊಣಕಾಲಿನ ನೆನಪು ಅವಳಿಗೂ ಇರಲಿಲ್ಲ, ಮೊಣಕಾಲಿಗೂ ಇರಲಿಲ್ಲ. ಹೋಗಲಿ, ಶ್ಯಾಮಲಾಳ ಪ್ರಾರ್ಥನೆಯಲ್ಲಿ ಅಷ್ಟಾದರೂ ಫಲಿಸಿತು.

‘ಅಮ್ಮಾ, ಅವಳಿಗಿನ್ನೂ ಹದಿಮೂರು. ಈ ವಯಸ್ಸಿಗೆ ಮದುವೆ ಮಾಡೋದು ತಪ್ಪು. ಕಾನೂನಿದೆ’ ಎಂದು ಶ್ಯಾಮಲಾ ಹಿಂದೆಯೇ ಹೋಗಿ ಬೇಡಿಕೊಂಡಳು.

‘ಮದುವಿ ಯಾರ್ ಮಾಡಾಕತ್ತಾರ್ರಿ ಈಗ? ಊರಿಗೆ ಒಯ್ದು ಕುಂಡ್ರಿಸಿ ಆರತಿ ಮಾಡ್ತೀವಿ, ನಾಕು ಮಂದಿ ಉಂಡು ಹೋಗ್ತಾರ. ಬಾಯಿ ತಗೀರಿ ಒಂದೀಟು.’

ಮಾತಾಡುತ್ತಲೇ ರುದ್ರಮ್ಮ ಕೋಣೆಗೆ ವಾಪಸು ಬಂದು ಡಬ್ಬಿಯಿಂದ ಒಂದು ಹಿಡಿ ಸಕ್ಕರೆ ತೆಗೆದಿದ್ದಳು. ಒಳ್ಳೆಯ ಸುದ್ದಿ ಹೇಳಿದವರ ಬಾಯಿಗೆ ಸಕ್ಕರೆ ಹಾಕುವ ಪದ್ಧತಿ ಯಾರಿಗೆ ತಿಳಿಯದು? ಶ್ಯಾಮಲಾ ಬೇಡವೆನ್ನಲು ಬಾಯಿ ತೆರೆದಳು, ಸಕ್ಕರೆ ಒಳಗೆ ಬಿತ್ತು. ಉಗುಳುವಂತಿರಲಿಲ್ಲ. ಭುವನೇಶ್ವರಿ ಅವಳನ್ನೇ ನೋಡುತ್ತಿದ್ದಳು. ಆ ಸಕ್ಕರೆ ಕರಗುವಷ್ಟು ಹೊತ್ತೂ ಅವಳು ಕಣ್ಣು ಕೀಳಲಿಲ್ಲ.

ಅದೇ ಸಂಜೆ ಶ್ಯಾಮಲಾ ಅಯ್ಯನವರ ಮನೆಗೆ ಓಡಿದಳು. ಅವರು ಕೇಳಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು.

‘ನೀವ್ ಹೇಳೋದು ಸರಿ ಶ್ಯಾಮಲಮ್ಮ. ಆದ್ರೆ ನಮ್ ಕಡೆಯಿಂದ ಕಂಪ್ಲೇಂಟ್ ಹೋದ್ರೆ ನಾಳೆ ಏನಾಗುತ್ತೆ ಗೊತ್ತಲ್ಲ. ಮನೆ ಒಳಗೆ ನುಗ್ಗಿ ಪ್ರಾರ್ಥನೆ ಮಾಡಿದ್ರು, ಮದುವೆ ಮುರಿಸಿದ್ರು ಅಂತ ಊರೆಲ್ಲ ಸೇರುತ್ತೆ. ಗೋಡೌನಿಗೆ ಬೀಗ ಬೀಳುತ್ತೆ. ಉಳಿದ ಮಕ್ಕಳ ಗತಿ ಏನು? ಇವತ್ತೊಂದ್ ರಾತ್ರಿ ಪ್ರಾರ್ಥನೆ ಮಾಡೋಣ, ಬೆಳಗ್ಗೆ ನೋಡೋಣ.’

ಅವರು ಕೆಟ್ಟವರೇನಲ್ಲ. ಹೆದರಿದವರು. ಪ್ರಾರ್ಥನೆ ಎಂಬ ಮಾತು ಜೀವನದಲ್ಲಿ ಮೊದಲ ಸಲ ಶ್ಯಾಮಲಾಗೆ ಸಾಲದೆನಿಸಿತು. ಆದರೂ ಎದ್ದು ಬಂದಳು, ಆ ರಾತ್ರಿ ಸುಮ್ಮನಿದ್ದಳು. ಅವಳ ಮೊದಲ ತಪ್ಪನ್ನು ನಾಲಿಗೆಯ ಮೇಲೆ ಹಾಕಬಹುದು. ಈ ಎರಡನೆಯದಕ್ಕೆ ಅಂಥ ಯಾವ ನೆವವೂ ಇಲ್ಲ.

ಸೋಮವಾರ ಊಟದ ಬಿಡುವಿನಲ್ಲಿ, ಕಾರ್ಖಾನೆಯ ಟಾಯ್ಲೆಟ್ಟಿನೊಳಗೆ ನಿಂತು ಸಹಾಯವಾಣಿಗೆ ಫೋನ್ ಮಾಡಿದಳು. ಆ ಕಡೆಯ ಹೆಂಗಸು ಸಮಾಧಾನದಿಂದ ಎಲ್ಲ ಕೇಳಿದಳು. ಹುಡುಗಿಯ ಹೆಸರು, ಅಪ್ಪನ ಹೆಸರು, ಯಾವ ಶಾಲೆ. ಶ್ಯಾಮಲಾ ಹೇಳಿದಳು.

‘ಊರು ಯಾವುದು ಮೇಡಂ?’

‘ರಾಯಚೂರು ಕಡೆ.’

‘ರಾಯಚೂರು ಜಿಲ್ಲೇಲಿ ಯಾವ ಊರು? ತಾಲ್ಲೂಕಾದ್ರೂ ಗೊತ್ತಾ?’

ಶ್ಯಾಮಲಾಗೆ ಗೊತ್ತಿರಲಿಲ್ಲ. ನಾಲ್ಕು ವರ್ಷ ಆ ಸಾಲಿನ ಕೋಣೆಗಳವರ ಸೊಂಟನೋವು, ಜ್ವರ, ಕುಡಿತ, ಓನರಿನ ಕಾಟ ಎಲ್ಲವನ್ನೂ ದೇವರ ಮುಂದಿಟ್ಟವಳಿಗೆ ಈ ಹುಡುಗಿಯ ಊರಿನ ಹೆಸರು ಗೊತ್ತಿರಲಿಲ್ಲ. ಒಮ್ಮೆಯೂ ಕೇಳಿರಲಿಲ್ಲ.

ಅಧಿಕಾರಿಗಳು ಬಂದರು. ತಡಮಾಡದೆ ಮಂಗಳವಾರವೇ ಬಂದರು. ಅಷ್ಟರಲ್ಲಿ ರುದ್ರಮ್ಮ, ಶೇಖವ್ವ, ಇಬ್ಬರು ಹುಡುಗಿಯರು ಊರಿನ ಬಸ್ಸು ಹತ್ತಿ ಆಗಿತ್ತು. ಅಮರಪ್ಪ ಕೈಕಟ್ಟಿ ನಿಂತು, ಆರತಿಗೆ ಹೋಗಿದ್ದಾರೆ ಸಾರ್, ಮದುವೆ ಗಿದುವೆ ಏನಿಲ್ಲ ಎಂದ. ಅವನಿಂದ ಊರಿನ ಹೆಸರು ಪಡೆದು ಅಲ್ಲಿ ವಿಚಾರಿಸಲು ಹೋದವರಿಗೂ ಆರತಿಯ ಹಾಡೇ ಕೇಳಿಸಿತಂತೆ. ಎಚ್ಚರಿಕೆ ಹೇಳಿ ಬಂದರು. ಯುಗಾದಿ ಕಳೆದ ಮೇಲೆ ಬೇರೆ ಯಾವುದೋ ಹಳ್ಳಿಯ ಯಾರದೋ ಹೊಲದ ಮನೆಯಲ್ಲಿ, ಬೆಳಕು ಹರಿಯುವ ಮುಂಚೆ, ಓಲಗ ಇಲ್ಲದೆ ಅಕ್ಷತೆ ಬಿತ್ತು.

ಇದನ್ನು ಶ್ಯಾಮಲಾಗೆ ತಿಳಿಸಿದವಳು ಸವಿತಾ. ಏಪ್ರಿಲ್ಲಿನಲ್ಲಿ ಅವ್ವನ ಜೊತೆ ಪೀಣ್ಯಕ್ಕೆ ವಾಪಸು ಬಂದವಳು ಹೊಸ ಫ್ರಾಕಿನಲ್ಲಿ ಕ್ಲಾಸಿಗೆ ಬಂದು, ‘ನಮ್ಮಕ್ಕನ ಮದುವಿ ಆತ್ರಿ ಅಕ್ಕಾರ! ನಾ ಬುಂದೆ ತಿಂದ್ನಿ’ ಎಂದು ಎಲ್ಲರ ಮುಂದೆ ಸಂಭ್ರಮದಿಂದ ಹೇಳಿದಳು. ಮಕ್ಕಳು ಚಪ್ಪಾಳೆ ತಟ್ಟಿದರು. ಶ್ಯಾಮಲಾ ಬೋರ್ಡಿನ ಕಡೆ ತಿರುಗಿ ಬರೆದದ್ದನ್ನೇ ಅಳಿಸುತ್ತ ನಿಂತಳು.

ಕ್ಷಮೆ ಕೇಳಲೆಂದು ಆ ಸಂಜೆಯೇ ಹೋದಳು. ಶೇಖವ್ವ ಕೋಣೆಗಳ ಸಾಲಿನ ನಡುವಿನ ನಲ್ಲಿಯ ಹತ್ತಿರ ಕೊಡ ಹಿಡಿದು ಪಾಳಿಗೆ ನಿಂತಿದ್ದಳು. ಶ್ಯಾಮಲಾ ಹತ್ತಿರ ಹೋಗಿ ಅವಳ ಕೈ ಹಿಡಿದುಕೊಂಡಳು. ಶೇಖವ್ವ ಕೈ ಕೊಡವಲಿಲ್ಲ. ಹಾಗೇ ಬಿಟ್ಟುಕೊಂಡು, ಸುತ್ತ ನಿಂತ ಹೆಂಗಸರಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಹೇಳಿದಳು:

‘ದ್ಯಾವ್ರಿಗೆ ಬಿಟ್ಟು ಯಾರಿಗೂ ಹೇಳಂಗಿಲ್ಲ ಅಂದಿದ್ರಂತ ನನ್ನ ಮಗಳಿಗೆ. ದ್ಯಾವ್ರಿಗೆ ಕಿವಿ ಕೇಳಂಗಿಲ್ಲೇನ್ರಿ ಅಕ್ಕಾರ, ಅಷ್ಟು ಜೋರಾಗಿ ಹೇಳಾಕ?’

ಅಷ್ಟರಲ್ಲಿ ಶೇಖವ್ವನ ಪಾಳಿ ಬಂತು. ಅವಳು ಕೊಡ ಇಟ್ಟು ನೀರು ಹಿಡಿಯತೊಡಗಿದಳು. ಶ್ಯಾಮಲಾ ಬಾಯಿಪಾಠ ಮಾಡಿಕೊಂಡು ಬಂದಿದ್ದ ಕ್ಷಮೆಯ ಮಾತುಗಳನ್ನು ಹಾಗೇ ಹೊತ್ತುಕೊಂಡು ಹಿಂತಿರುಗಿದಳು. ಮನೆಗೆ ನಡೆಯುವ ದಾರಿಯಲ್ಲಿ ಅವಳಿಗೆ ತನ್ನ ಹಳೆಯ ಶುಕ್ರವಾರಗಳು ನೆನಪಾದವು. ತಲೆಯ ಮೇಲಿನ ಆ ಕೈಗಳು, ಹೊರಗೆ ಚಪ್ಪಲಿ ಕಾಯುವ ಹುಡುಗರ ನೋಟ. ಹೆಣ್ಣಿನ ಒಡಲಿನ ಸುದ್ದಿ ಪ್ರಾರ್ಥನೆಯ ಹೆಸರಿನಲ್ಲಿ ಬೀದಿಗೆ ಬಿದ್ದರೆ ಹೇಗಿರುತ್ತದೆಂದು ಆ ಇಡೀ ಸಭೆಯಲ್ಲಿ ತಿಳಿದಿದ್ದವಳು ತಾನೊಬ್ಬಳೇ. ತಿಳಿದೂ ಮರೆತಿದ್ದಳು. ಅಂದು ರಸ್ತೆಯ ಬದಿಯಲ್ಲಿ, ಲಾರಿಗಳ ಧೂಳಿನಲ್ಲಿ ನಿಂತು ಅತ್ತಳು.

ಗೋಡೌನಿಗೆ ಬೀಗ ಬೀಳಲಿಲ್ಲ. ಹಾಡು, ಕಥೆ, ಚಿತ್ರಾನ್ನ, ಮೊಟ್ಟೆ ಎಲ್ಲ ಮೊದಲಿನಂತೆಯೇ ನಡೆದವು. ಸಭೆಯಲ್ಲಿ ಪ್ರಾರ್ಥನೆಗೆ ಕರೆದರೆ ಶ್ಯಾಮಲಾ ಗಂಟಲು ಸರಿಯಿಲ್ಲ ಎನ್ನುತ್ತಿದ್ದಳು. ಕ್ಲಾಸಿನಲ್ಲಿ ಮಾತ್ರ, ಮಕ್ಕಳು ಬಿಡದ್ದರಿಂದ, ಚುಟುಕಾಗಿ ಮುಗಿಸುತ್ತಿದ್ದಳು. ಮನಸ್ಸಿನಲ್ಲೇ ಮಾಡಲು ಕೂತರೆ ‘ಕರ್ತನೇ’ ಎನ್ನುವುದರಾಚೆ ಏನೂ ಏಳುತ್ತಿರಲಿಲ್ಲ. ಜಯಾನಂದ ಒಂದು ಬೆಳಗ್ಗೆ ತಿಂಡಿ ತಿನ್ನುತ್ತ, ‘ಯಾಕೇ, ಮನೆ ಇಷ್ಟು ಸದ್ದಿಲ್ಲದೆ ಇದೆ’ ಎಂದ. ಅವಳು ಅವನ ತಟ್ಟೆಗೆ ಇನ್ನೊಂದು ದೋಸೆ ಹಾಕಿದಳು.

ದಸರಾ ಮುಗಿದ ಮೇಲಿನ ಒಂದು ಭಾನುವಾರ ಸವಿತಾಳನ್ನು ಕ್ಲಾಸಿಗೆ ಬಿಡಲು ಸೀರೆಯುಟ್ಟ ಹೆಂಗಸೊಬ್ಬಳು ಬಂದಳು. ಬಾಗಿಲ ಬೆಳಕಿಗೆ ಬೆನ್ನು ಹಾಕಿ ನಿಂತಿದ್ದವಳ ಗುರುತು ಶ್ಯಾಮಲಾಗೆ ಕೂಡಲೇ ಸಿಗಲಿಲ್ಲ. ಭುವನೇಶ್ವರಿ. ಕೊರಳಲ್ಲಿ ತಾಳಿ, ಮೊಣಕೈವರೆಗೆ ಹಸಿರು ಬಳೆ. ಮುತ್ತಣ್ಣನಿಗೆ ಇಲ್ಲೇ ಜೆಸಿಬಿ ಓಡಿಸುವ ಕೆಲಸ ಸಿಕ್ಕಿತ್ತು. ಅದೇ ಸಾಲಿನ ಕೊನೆಯ ಕೋಣೆ ಹಿಡಿದಿದ್ದರು.

‘ಒಳಗೆ ಬಾಮ್ಮ’ ಎಂದಳು ಶ್ಯಾಮಲಾ. ಚಾಪೆಯ ಮೇಲೆ ಜಾಗ ಮಾಡಿದಳು. ‘ಕೂತ್ಕೋ ಬಾ.’

‘ಬ್ಯಾಡ್ರಿ ಅಕ್ಕಾರ. ಅಡಗಿ ಮಾಡಬೇಕು.’

‘ಶಾಲೆಗೆ ಮತ್ತೆ ಸೇರ್ಕೋಬಹುದು. ನಾನು ಬರ್ತೀನಿ ಮೇಡಂ ಹತ್ರ.’

ಭುವನೇಶ್ವರಿ ನಕ್ಕಳು. ಹಿಂದೆ ಚಾಪೆಯ ಅಂಚು ಕೀಳುತ್ತ ನಗುತ್ತಿದ್ದ ನಗುವೇ. ಅಡುಗೆ ಇದೆ ಎಂದವಳು ಹೋಗಲೂ ಇಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ಕ್ಲಾಸು ಮುಗಿಯುವವರೆಗೂ ನಿಂತೇ ಇದ್ದಳು.

ಕೊನೆಗೆ ಶ್ಯಾಮಲಾ ಕೇಳಬೇಕಾದದ್ದನ್ನು ಕೇಳಿದಳು. ‘ಪ್ರಾರ್ಥನೆಗೆ ಯಾರ್ ಯಾರದ್ದು ಏನೇನಿದೆ?’ ಕೈಗಳು ಎದ್ದವು. ಒಬ್ಬನಿಗೆ ಅಪ್ಪನ ಜ್ವರ, ಇನ್ನೊಬ್ಬಳಿಗೆ ಮೊಬೈಲು. ಸವಿತಾಳ ಕೈ ಅರ್ಧ ಎದ್ದಿತು. ಅವಳು ಬಾಗಿಲ ಕಡೆ ತಿರುಗಿ ಅಕ್ಕನ ಮುಖ ನೋಡಿದಳು. ಭುವನೇಶ್ವರಿ ಸುಮ್ಮನೆ ತಲೆ ಆಡಿಸಿದಳು, ಇಲ್ಲ ಎಂಬಂತೆ. ಸವಿತಾ ಕೈ ಇಳಿಸಿ, ‘ಏನ್ ಇಲ್ರಿ ಅಕ್ಕಾರ’ ಎಂದಳು.

ಮಕ್ಕಳೆಲ್ಲ ಕಣ್ಣು ಮುಚ್ಚಿ ಕೈ ಜೋಡಿಸಿದರು. ಶ್ಯಾಮಲಾ ಜ್ವರದ ಅಪ್ಪನನ್ನು ಹೆಸರಿಸಿದಳು, ಮೊಬೈಲನ್ನೂ ಬಿಡಲಿಲ್ಲ. ಸವಿತಾಳ ಹೆಸರು ನಾಲಿಗೆಯ ತುದಿಗೆ ಬಂತು. ಅವಳು ಕಣ್ಣು ತೆರೆದಳು. ಇನ್ನೊಬ್ಬರ ಮುಂದೆ ಪ್ರಾರ್ಥನೆ ಮಾಡುವಾಗ ನಡುವೆ ಅವಳು ಕಣ್ಣು ತೆರೆದದ್ದು ಅದೇ ಮೊದಲು.

ಆ ಗೋಡೌನಿನಲ್ಲಿ ಇನ್ನೊಬ್ಬಳ ಕಣ್ಣೂ ತೆರೆದಿತ್ತು. ಭುವನೇಶ್ವರಿ ಬಾಗಿಲಲ್ಲಿ ನೆಟ್ಟಗೆ ನಿಂತು ಶ್ಯಾಮಲಾಳ ಬಾಯಿಯನ್ನೇ ನೋಡುತ್ತಿದ್ದಳು. ಶ್ಯಾಮಲಾ ಸವಿತಾಳ ಹೆಸರನ್ನು ನುಂಗಿಕೊಂಡು ಆಮೆನ್ ಎಂದಳು. ಆಗ ಭುವನೇಶ್ವರಿ ಒಳಗೆ ಬಂದು, ತಂಗಿಯ ಕೈ ಹಿಡಿದು, ಮೊಟ್ಟೆಗೂ ಕಾಯದೆ ಕರೆದುಕೊಂಡು ಹೋದಳು.